ಸಿಸ್ಟಿಕ್ ಫೈಬ್ರೋಸಿಸ್ ಇರುವ ಪುಟ್ಟ ಮಕ್ಕಳ ಶ್ವಾಸಕೋಶ: ಕೆಮ್ಮು ಹೆಚ್ಚುವ ಮೊದಲೇ ತಪಾಸಣೆ ಯಾಕೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ನಮ್ಮ ಕರಾವಳಿಯಿಂದ ದೂರದ ಬಯಲುಸೀಮೆಯ ಊರುಗಳು. ಆದರೂ ನಮಗೆ ಅವು ಅಪರಿಚಿತವಲ್ಲ. ನಮ್ಮ ಊರುಗಳಲ್ಲಿ ಕಟ್ಟಡ ಕಟ್ಟುವ, ರಸ್ತೆ ಅಗೆಯುವ ಎಷ್ಟೋ ಕುಟುಂಬಗಳು ಆ ಕಡೆಯಿಂದಲೇ ಬಂದವು. ಬೇಸಾಯದ ಕೆಲಸ ಮುಗಿದೊಡನೆ ಗಂಡ, ಹೆಂಡತಿ, ಕೈಗೂಸು ಸಮೇತ ಬಸ್ಸು ಹತ್ತಿ ಮಂಗಳೂರು, ಉಡುಪಿಯ ಕಡೆಗೆ ಬರುತ್ತಾರೆ. ಮಳೆ ಬಿದ್ದಾಗ ಹೊಲ ನೋಡಲು ಮರಳುತ್ತಾರೆ. ಅವರ ಮಕ್ಕಳ ಆರೋಗ್ಯ ಹೀಗೆ ಎರಡು ಊರುಗಳ ನಡುವೆ ಹಂಚಿಹೋಗಿರುತ್ತದೆ. ಅಂಗನವಾಡಿ ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ, ಹಳೆಯ ಚೀಟಿಗಳು ಎಲ್ಲಿಯೋ.

ಸಾಮಾನ್ಯ ನೆಗಡಿ ಕೆಮ್ಮಿಗೆ ಇದರಿಂದ ದೊಡ್ಡ ತೊಂದರೆಯಾಗದು. ಆದರೆ ಕೆಲವು ಕಾಯಿಲೆಗಳಲ್ಲಿ ಮಗು ಚೆನ್ನಾಗಿರುವಾಗಲೂ ತಪ್ಪದೆ ತಪಾಸಣೆ ಆಗಬೇಕು. ಅಂಥವುಗಳಲ್ಲಿ ಒಂದು ಸಿಸ್ಟಿಕ್ ಫೈಬ್ರೋಸಿಸ್. ಈ ಕಾಯಿಲೆಯ ಮಗುವಿನ ಶ್ವಾಸಕೋಶಕ್ಕೆ ಸೋಂಕು ಸದ್ದಿಲ್ಲದೆ ಬರುತ್ತದೆ. ಬಂದ ಹೊಸತರಲ್ಲಿ ಕಂಡುಹಿಡಿದರೆ ಬಹುಮಟ್ಟಿಗೆ ಓಡಿಸಬಹುದು. ಬೇರೂರಿದ ಮೇಲೆ ಓಡಿಸುವುದು ಬಹಳ ಕಷ್ಟ. ತಂದೆತಾಯಿಗಳೂ, ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರೂ ಇದನ್ನು ಅರಿತಿರಲಿ ಎಂಬ ಉದ್ದೇಶದಿಂದ ಈ ಲೇಖನ.

ಏನಿದು ಕಾಯಿಲೆ?

ನಮ್ಮ ದೇಹದ ಕೋಶಗಳಲ್ಲಿ ಉಪ್ಪು ಮತ್ತು ನೀರಿನ ಓಡಾಟವನ್ನು ನಿಯಂತ್ರಿಸುವ ಒಂದು ಜೀನ್ ಇದೆ. ಅದರ ಹೆಸರು ಸಿ.ಎಫ್.ಟಿ.ಆರ್.; ಅದನ್ನು ಗುರುತಿಸಿದ್ದು 1989ರಲ್ಲಿ. ತಂದೆ ಮತ್ತು ತಾಯಿ ಇಬ್ಬರಿಂದಲೂ ಈ ಜೀನಿನ ದೋಷವಿರುವ ಪ್ರತಿ ಸಿಕ್ಕಿದ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಬರುತ್ತದೆ. ಆಗ ಶ್ವಾಸನಾಳಗಳ ಒಳಗಿನ ತೆಳುವಾದ ಲೋಳೆ ಗೋಂದಿನಂತೆ ಗಟ್ಟಿಯಾಗುತ್ತದೆ. ಮೇದೋಜ್ಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಂಡು, ತಿಂದ ಜಿಡ್ಡು ಜೀರ್ಣವಾಗದೆ ಹೊರಹೋಗುತ್ತದೆ. ಬೆವರಿನಲ್ಲಿ ಉಪ್ಪು ಅತಿಯಾಗಿ ಹೋಗುತ್ತದೆ.

ಈ ಕಾಯಿಲೆಯನ್ನು 1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊತಿ ಆಂಡರ್ಸನ್ ಮೊದಲ ಬಾರಿಗೆ ಸ್ಪಷ್ಟವಾಗಿ ವಿವರಿಸಿದರು. ಬೆವರಿನ ಉಪ್ಪಿನ ಸುಳಿವು ಸಿಕ್ಕಿದ್ದು 1948ರ ಬೇಸಿಗೆಯಲ್ಲಿ. ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿದಾಗ ಈ ಮಕ್ಕಳೇ ಹೆಚ್ಚಾಗಿ ನಿತ್ರಾಣಗೊಂಡು ಆಸ್ಪತ್ರೆ ಸೇರಿದರು. ಆ ಜಾಡನ್ನು ಹಿಡಿದು ಹೋದ ಡಾ. ಪೌಲ್ ದಿ ಸಾಂತ್‌ಆಗ್ನೀಸ್ ಅವರು 1953ರಲ್ಲಿ ಕಾರಣವನ್ನು ತಿಳಿಸಿದರು. ಇಂದಿಗೂ ರೋಗ ಖಚಿತಪಡಿಸುವ ಮುಖ್ಯ ಪರೀಕ್ಷೆ ಬೆವರಿನದೇ.

ಬಹಳ ಕಾಲ ಇದನ್ನು ಬಿಳಿಯರ ಕಾಯಿಲೆ ಎಂದೇ ತಿಳಿಯಲಾಗಿತ್ತು. ಭಾರತದಲ್ಲಿಯೂ ಇದೆ ಎಂಬ ವರದಿಗಳು 1960ರ ದಶಕದಿಂದ ಬರತೊಡಗಿದವು.

ಗದಗ ಸೀಮೆಯಲ್ಲಿ ಎಷ್ಟು ಮಕ್ಕಳು?

ನಮ್ಮ ದೇಶದಲ್ಲಿ ಹುಟ್ಟಿದ ಎಲ್ಲ ಶಿಶುಗಳಿಗೂ ಈ ಕಾಯಿಲೆಯ ತಪಾಸಣೆ ನಡೆಯುವುದಿಲ್ಲ. ಹೀಗಾಗಿ ಖಚಿತ ಲೆಕ್ಕ ಇಲ್ಲ. ದೆಹಲಿಯ ಏಮ್ಸ್ ವೈದ್ಯರು 955 ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ 2006ರಲ್ಲಿ ಒಂದು ಅಂದಾಜು ಕೊಟ್ಟರು: ಸುಮಾರು 43 ಸಾವಿರದಿಂದ 1 ಲಕ್ಷ ಶಿಶುಗಳಲ್ಲಿ ಒಂದು. ಗದಗ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಹತ್ತೂವರೆ ಲಕ್ಷಕ್ಕೆ ಸ್ವಲ್ಪ ಹೆಚ್ಚು. ಆ ಅಂದಾಜನ್ನೇ ಹಿಡಿದರೆ ಇಡೀ ಜಿಲ್ಲೆಯಲ್ಲಿ ಕೆಲವು ವರ್ಷಗಳಿಗೊಮ್ಮೆ ಇಂಥ ಒಂದು ಮಗು ಹುಟ್ಟಬಹುದು. ಅಂದರೆ ಹಳ್ಳಿಯ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದು ಮಗುವನ್ನೂ ಕಾಣದಿರಬಹುದು. ಕಂಡರೂ ಥಟ್ಟನೆ ಗುರುತಿಸುವುದು ಸುಲಭವಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲಿಯೇ ಆಗುತ್ತದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ರೂಢಿ. ಒಂದೇ ಅಜ್ಜ ಅಜ್ಜಿಯಿಂದ ಇಳಿದು ಬಂದ ದೋಷಯುಕ್ತ ಜೀನ್ ಗಂಡ ಹೆಂಡತಿ ಇಬ್ಬರಲ್ಲಿಯೂ ಇರುವ ಸಾಧ್ಯತೆ ಇಂಥ ಮದುವೆಗಳಲ್ಲಿ ಹೆಚ್ಚು. ಇಬ್ಬರಲ್ಲಿಯೂ ಇದ್ದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಧರ್ಮಸಭೆಯ ಕಾನೂನಿನ 1091ನೇ ವಿಧಿ ಇಂಥ ಹತ್ತಿರದ ಸಂಬಂಧಗಳ ಮದುವೆಗೆ ತಡೆ ಒಡ್ಡುವುದರಿಂದ, ಮದುವೆಯ ಕಾಗದಪತ್ರ ಸಿದ್ಧಪಡಿಸುವ ಗುರುಗಳಿಗೆ ಸಂಬಂಧದ ಪ್ರಶ್ನೆ ಹೊಸದಲ್ಲ. ಆ ಹೊತ್ತಿನಲ್ಲಿ, ಕುಟುಂಬದಲ್ಲಿ ಕೆಮ್ಮಿ ಕೆಮ್ಮಿ ಸಣ್ಣ ವಯಸ್ಸಿನಲ್ಲಿ ತೀರಿಹೋದ ಮಕ್ಕಳು ಇದ್ದಾರೆಯೇ ಎಂದು ಮೆಲ್ಲನೆ ಕೇಳುವುದು ಉಪಯುಕ್ತ.

ಟಿ.ಬಿ. ಎಂದು ತಿಳಿಯುವ ಸಂಭವ

ಮಗು ಚೆನ್ನಾಗಿ ಹಾಲು ಕುಡಿಯುತ್ತದೆ, ಅನ್ನ ಉಣ್ಣುತ್ತದೆ, ಆದರೂ ಮೈ ಹಿಡಿಯುವುದಿಲ್ಲ. ಮಲ ಜಿಡ್ಡಾಗಿ, ಬಹಳ ವಾಸನೆಯಿಂದ ಕೂಡಿರುತ್ತದೆ. ಕೆಮ್ಮು ವಾರಗಟ್ಟಲೆ ನಿಲ್ಲುವುದಿಲ್ಲ. ವರ್ಷದಲ್ಲಿ ಎರಡು ಮೂರು ಸಲ ನ್ಯುಮೋನಿಯಾ. ಮುತ್ತಿಟ್ಟರೆ ಕೆನ್ನೆ ಉಪ್ಪುಪ್ಪಾಗಿ ಹತ್ತುತ್ತದೆ. ಬೇಸಿಗೆಯಲ್ಲಿ ಹಣೆಯ ಮೇಲೆ ಉಪ್ಪಿನ ಹುಡಿ ಕಟ್ಟುತ್ತದೆ. ಇವು ಸಿಸ್ಟಿಕ್ ಫೈಬ್ರೋಸಿಸ್ ಲಕ್ಷಣಗಳು.

ಆದರೆ ಕೆಮ್ಮು, ಸೊರಗಿದ ಮೈ, ಎಕ್ಸ್‌ರೇಯಲ್ಲಿ ಮಚ್ಚೆ ಈ ಮೂರನ್ನೂ ಒಟ್ಟಿಗೆ ಕಂಡಾಗ ನಮ್ಮಲ್ಲಿ ಮೊದಲು ನೆನಪಾಗುವುದು ಟಿ.ಬಿ. ಇಲ್ಲವೇ ದಮ್ಮು, ಇಲ್ಲವೇ ಅಪೌಷ್ಟಿಕತೆ ಎನ್ನುತ್ತಾರೆ. ಟಿ.ಬಿ. ನಮ್ಮ ದೇಶದಲ್ಲಿ ಸಾಮಾನ್ಯವಾದ್ದರಿಂದ ಅದನ್ನು ಪರೀಕ್ಷಿಸುವುದು ಸರಿಯೇ. ಟಿ.ಬಿ. ರೋಗಾಣು ಪತ್ತೆಯಾಗದೆ, ಟಿ.ಬಿ. ಔಷಧ ಮುಗಿದ ಮೇಲೂ ಕೆಮ್ಮು ಮರಳಿ ಬರುತ್ತಿದ್ದರೆ, "ಡಾಕ್ಟರೇ, ಬೆವರಿನ ಪರೀಕ್ಷೆ ಮಾಡಿಸಬಹುದೇ?" ಎಂದು ಕೇಳುವ ಹಕ್ಕು ತಂದೆತಾಯಿಗೆ ಇದೆ. ಈ ಒಂದು ಪ್ರಶ್ನೆ ಮಗುವಿನ ಎರಡು ಮೂರು ವರ್ಷಗಳನ್ನು ಉಳಿಸಬಲ್ಲದು.

ಪರೀಕ್ಷೆ ಸರಳ. ಮುಂಗೈ ಮೇಲೆ ಔಷಧ ಸವರಿ, ಅತಿ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿ ಬೆವರು ಬರಿಸುತ್ತಾರೆ. ಆ ಬೆವರಿನ ಕ್ಲೋರೈಡ್ ಅಳೆಯುತ್ತಾರೆ. 60 ಅಥವಾ ಹೆಚ್ಚು ಬಂದರೆ ರೋಗ ಇದೆ ಎಂದು ಭಾವಿಸಬೇಕು. 30ರಿಂದ 59ರ ನಡುವೆ ಇದ್ದರೆ ಇನ್ನೂ ಪರೀಕ್ಷೆ ಬೇಕು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಆದರೆ ಎಲ್ಲ ಆಸ್ಪತ್ರೆಗಳಲ್ಲಿಯೂ ಈ ಸೌಲಭ್ಯ ಇರುವುದಿಲ್ಲ. 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಕ್ಕಳ ವಿಭಾಗದಲ್ಲಿ ಅಥವಾ ಹುಬ್ಬಳ್ಳಿ, ಧಾರವಾಡದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ, ಅವರು ಸೂಚಿಸಿದ ಕಡೆಗೆ ಹೋಗುವುದು ಒಳ್ಳೆಯದು. ದಕ್ಷಿಣ ಭಾರತದಲ್ಲಿ ಈ ಕಾಯಿಲೆಯ ಮಕ್ಕಳನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದಿರುವ ಸಂಸ್ಥೆಗಳಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆ ಒಂದು.

ಶ್ವಾಸಕೋಶದೊಳಗೆ ಏನಾಗುತ್ತದೆ?

ಆರೋಗ್ಯವಂತ ಮಗುವಿನ ಶ್ವಾಸನಾಳದಲ್ಲಿ ಲೋಳೆ ಸದಾ ಮೇಲಕ್ಕೆ ಹರಿಯುತ್ತಾ ಧೂಳು, ರೋಗಾಣುಗಳನ್ನು ಹೊರಗೆ ಸಾಗಿಸುತ್ತದೆ. ಕಾಲುವೆಯಲ್ಲಿ ನೀರು ಹರಿದಂತೆ. ಈ ಮಕ್ಕಳಲ್ಲಿ ಲೋಳೆ ಗಟ್ಟಿಯಾಗಿ ಹರಿವು ನಿಲ್ಲುತ್ತದೆ. ನಿಂತ ನೀರಿನಲ್ಲಿ ಹುಳ ಬೀಳುವಂತೆ ಅಲ್ಲಿ ರೋಗಾಣು ನೆಲೆಸುತ್ತವೆ.

ಮೊದಲ ವರ್ಷಗಳಲ್ಲಿ ಸಾಮಾನ್ಯವಾಗಿ ಸ್ಟ್ಯಾಫಿಲೋಕಾಕಸ್ ಮತ್ತು ಹಿಮೋಫಿಲಸ್ ಎಂಬ ಬ್ಯಾಕ್ಟೀರಿಯಾ ಕಾಣುತ್ತವೆ. ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಸ್ಯೂಡೋಮೋನಾಸ್ ಬಗ್ಗೆ. ಇದು ತೇವ ಇರುವ ಕಡೆಗಳಲ್ಲೆಲ್ಲ ಬದುಕುತ್ತದೆ: ಬಚ್ಚಲು, ಸಿಂಕು, ಒಣಗದ ನೆಬ್ಯುಲೈಸರ್ ಬಟ್ಟಲು, ಪಾಚಿ ಕಟ್ಟಿದ ತೊಟ್ಟಿ. ಶ್ವಾಸಕೋಶಕ್ಕೆ ಬಂದ ಹೊಸತರಲ್ಲಿ ಅದರ ಸಂಖ್ಯೆ ಕಡಿಮೆ, ಔಷಧಕ್ಕೆ ಬಗ್ಗುತ್ತದೆ. ತಿಂಗಳುಗಳು ಕಳೆದಂತೆ ತನ್ನ ಸುತ್ತ ಅಂಟಿನಂಥ ಪದರ ಕಟ್ಟಿಕೊಳ್ಳುತ್ತದೆ. ಆಗ ಔಷಧ ಒಳಗೆ ಇಳಿಯುವುದಿಲ್ಲ, ದೇಹದ ರಕ್ಷಣಾ ಕೋಶಗಳಿಗೂ ಸಿಗುವುದಿಲ್ಲ. ಆ ಹೋರಾಟದಲ್ಲಿ ಶ್ವಾಸನಾಳಗಳ ಗೋಡೆಯೇ ಹಾಳಾಗಿ ಅಗಲವಾಗುತ್ತದೆ. ಹಾಗೆ ಅಗಲವಾದ ನಾಳ ಮತ್ತೆ ಮೊದಲಿನಂತಾಗುವುದು ಅಪರೂಪ.

ಆಸ್ಟ್ರೇಲಿಯದ ಪರ್ತ್ ಮತ್ತು ಮೆಲ್ಬರ್ನ್ ವೈದ್ಯರು ಹುಟ್ಟಿದ ಕೂಡಲೇ ರೋಗ ಪತ್ತೆಯಾದ ಶಿಶುಗಳನ್ನು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ವರದಿ ಮಾಡಿದರು. ಮೂರು ತಿಂಗಳ ಶಿಶುವಿನ ಶ್ವಾಸಕೋಶದಲ್ಲಿಯೇ ಉರಿಯೂತದ ಗುರುತು ಕಂಡಿದ್ದರೆ, ಮೂರನೇ ವಯಸ್ಸಿಗೆ ನಾಳಗಳು ಹಾಳಾಗುವ ಅಪಾಯ ಹೆಚ್ಚು ಎಂದು ಅವರು ಕಂಡುಕೊಂಡರು. ಹೊರಗೆ ನಗುತ್ತಾ ಆಡುವ ಮಗುವಿನ ಎದೆಯೊಳಗೆ ಕೆಲಸ ಆಗಲೇ ಶುರುವಾಗಿರಬಹುದು.

ಕಫ ಉಗುಳಲಾರದ ಮಗುವಿಗೆ ಪರೀಕ್ಷೆ ಹೇಗೆ?

ದೊಡ್ಡವರಾದರೆ ಡಬ್ಬಿಗೆ ಕಫ ಉಗುಳಿ ಕೊಡುತ್ತಾರೆ. ಎರಡು ವರ್ಷದ ಕೂಸು ಕಫ ಉಗುಳದು, ನುಂಗಿಬಿಡುತ್ತದೆ. ಹೀಗಾಗಿ ಮೂರು ದಾರಿಗಳಿವೆ.

ಮೊದಲನೆಯದು ಗಂಟಲಿನ ಸ್ವಾಬ್. ಕೋವಿಡ್ ಕಾಲದಿಂದ ಈ ಪದ ಎಲ್ಲರಿಗೂ ಗೊತ್ತು. ಮಗು ಕೆಮ್ಮುವಾಗ ಗಂಟಲಿನ ಹಿಂಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಲ್ಯಾಬಿಗೆ ಕಳುಹಿಸುತ್ತಾರೆ. ಒಂದೇ ನಿಮಿಷದ ಕೆಲಸ, ಖರ್ಚೂ ಕಡಿಮೆ. ಆದರೆ ಗಂಟಲಿನಲ್ಲಿ ಇಲ್ಲದ ರೋಗಾಣು ಶ್ವಾಸಕೋಶದ ಆಳದಲ್ಲಿ ಇರಬಹುದು. ಒಂದು ಸಲ ಏನೂ ಬರಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಎರಡನೆಯದು ಉಪ್ಪುನೀರಿನ ಆವಿಯಿಂದ ಕಫ ಬರಿಸುವುದು. ನೆಬ್ಯುಲೈಸರಿನಲ್ಲಿ ಗಾಢ ಉಪ್ಪುನೀರು ಕೊಟ್ಟು, ಬೆನ್ನು ತಟ್ಟಿ, ಮೇಲೆ ಬಂದ ಕಫವನ್ನು ಮೃದುವಾದ ನಳಿಗೆಯಿಂದ ಹೀರಿಕೊಳ್ಳುತ್ತಾರೆ. ಬ್ರಿಟನ್ನಿನ ಕಾರ್ಡಿಫ್ ಮಕ್ಕಳ ಆಸ್ಪತ್ರೆಯವರು ಆರು ತಿಂಗಳ ಶಿಶುಗಳಿಂದ ಹಿಡಿದು ಹದಿಹರೆಯದವರ ತನಕ ಇದನ್ನು ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟಲಿನ ಸ್ವಾಬ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಸಲ ಇದರಲ್ಲಿ ರೋಗಾಣು ಸಿಕ್ಕಿತು. ತರಬೇತಿ ಪಡೆದವರು ಇರುವ ಆಸ್ಪತ್ರೆಯಲ್ಲಿಯೇ ಇದನ್ನು ಮಾಡಬೇಕು, ಯಾಕೆಂದರೆ ಕೆಲವು ಮಕ್ಕಳಿಗೆ ಉಪ್ಪುನೀರಿನಿಂದ ಉಬ್ಬಸ ಬರುತ್ತದೆ.

ಮೂರನೆಯದು ಬ್ರಾಂಕೋಸ್ಕೋಪಿ. ಮಗುವಿಗೆ ಅರಿವಳಿಕೆ ಕೊಟ್ಟು, ಶ್ವಾಸನಾಳದೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಸ್ವಲ್ಪ ಲವಣನೀರು ಬಿಟ್ಟು ಮರಳಿ ಹೀರಿ ಪರೀಕ್ಷಿಸುವುದು. ಹೆಚ್ಚು ಸ್ಪಷ್ಟ ಉತ್ತರ ಸಿಗುತ್ತದೆ. ಆದರೆ ಅರಿವಳಿಕೆ, ಖರ್ಚು, ದೊಡ್ಡ ಆಸ್ಪತ್ರೆ ಎಲ್ಲವೂ ಬೇಕು.

ಹಾಗಾದರೆ ಶಿರಹಟ್ಟಿಯ ಮಗುವಿಗೆ ಸ್ವಾಬ್ ಮಾತ್ರ ಸಿಕ್ಕಿದರೆ ನಷ್ಟವೇ? ಇದಕ್ಕೆ ಧೈರ್ಯ ಕೊಡುವ ಉತ್ತರ ಇದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ 170 ಶಿಶುಗಳನ್ನು ಎರಡು ಗುಂಪು ಮಾಡಿ ಐದನೇ ವಯಸ್ಸಿನ ತನಕ ಗಮನಿಸಿದರು. ಒಂದು ಗುಂಪಿಗೆ ಬ್ರಾಂಕೋಸ್ಕೋಪಿ ನೋಡಿ ಚಿಕಿತ್ಸೆ, ಇನ್ನೊಂದಕ್ಕೆ ಲಕ್ಷಣ ಮತ್ತು ಗಂಟಲಿನ ಸ್ವಾಬ್ ನೋಡಿ ಚಿಕಿತ್ಸೆ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐದನೇ ವಯಸ್ಸಿನಲ್ಲಿ ಸ್ಯೂಡೋಮೋನಾಸ್ ಇದ್ದ ಮಕ್ಕಳ ಪ್ರಮಾಣವಾಗಲಿ ಶ್ವಾಸಕೋಶದ ಹಾನಿಯಾಗಲಿ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಸರಳ ಪರೀಕ್ಷೆಯನ್ನೇ ತಪ್ಪದೆ, ಕಾಲಕಾಲಕ್ಕೆ ಮಾಡಿಸಿ, ವರದಿಗೆ ತಕ್ಕ ಔಷಧ ಕೊಟ್ಟರೆ ಮಗುವನ್ನು ಚೆನ್ನಾಗಿ ಕಾಪಾಡಬಹುದು ಎಂದು ಇದರಿಂದ ತಿಳಿಯುತ್ತದೆ.

ಎಷ್ಟು ದಿನಕ್ಕೊಮ್ಮೆ?

ಕನಿಷ್ಠ ಮೂರು ತಿಂಗಳಿಗೊಮ್ಮೆ, ಕೆಮ್ಮು ಇರಲಿ ಇಲ್ಲದಿರಲಿ, ಸ್ವಾಬ್ ಕಲ್ಚರ್ ಆಗಬೇಕು ಎಂಬುದು ಹಲವು ದೇಶಗಳ ತಜ್ಞರ ಒಮ್ಮತ. ಒಂದು ವರ್ಷದೊಳಗಿನ ಶಿಶುಗಳನ್ನು ಇನ್ನೂ ಬೇಗ ಬೇಗ ನೋಡುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಆಸ್ಪತ್ರೆ 1970ರ ದಶಕದಿಂದಲೇ ಪ್ರತಿ ತಿಂಗಳೂ ಪರೀಕ್ಷಿಸುವ ಪದ್ಧತಿ ಇಟ್ಟುಕೊಂಡು ಜಗತ್ತಿಗೆ ಮಾದರಿಯಾಯಿತು. ಹೊಸ ಕೆಮ್ಮು, ಜ್ವರ, ತೂಕ ಇಳಿಯುವುದು ಕಂಡರೆ ಮೂರು ತಿಂಗಳು ಕಾಯದೆ ಕೂಡಲೇ ಪರೀಕ್ಷಿಸಬೇಕು. ಜೊತೆಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ. ಐದಾರು ವರ್ಷ ತುಂಬಿ ಸರಿಯಾಗಿ ಊದಲು ಕಲಿತ ಮೇಲೆ ಊದುವ ಯಂತ್ರದ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ.

ಹಳ್ಳಿಯಿಂದ ಲ್ಯಾಬಿನ ತನಕ

ಇಲ್ಲಿ ಕೆಲವು ಸಣ್ಣ ವಿಷಯಗಳು ಬಹಳ ಮುಖ್ಯ.

1. ಸ್ವಾಬ್ ತೆಗೆದ ಕೆಲವು ಗಂಟೆಗಳಲ್ಲಿ ಲ್ಯಾಬಿಗೆ ತಲುಪಬೇಕು. ಮುಂಡರಗಿಯಲ್ಲಿ ತೆಗೆಸಿ ಬಸ್ಸಿನಲ್ಲಿ ಕಳುಹಿಸುವುದಕ್ಕಿಂತ, ಮಗುವನ್ನೇ ಬೆಳಗಿನ ಬಸ್ಸಿಗೆ ಗದಗಕ್ಕೋ ಹುಬ್ಬಳ್ಳಿಗೋ ಕರೆದೊಯ್ದು ಲ್ಯಾಬ್ ಇರುವಲ್ಲಿಯೇ ತೆಗೆಸುವುದು ಮೇಲು. ಶನಿವಾರ ಮಧ್ಯಾಹ್ನ ಬೇಡ. ಭಾನುವಾರ ಲ್ಯಾಬ್ ಮುಚ್ಚಿರಬಹುದು.

2. ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಸ್ವಾಬ್ ತೆಗೆಸಬೇಕು. ಎರಡು ದಿನ ಔಷಧ ಕುಡಿಸಿದ ಮೇಲೆ ತೆಗೆದರೆ ರೋಗಾಣು ಅಡಗಿ, ವರದಿ ಸುಳ್ಳು ಸಮಾಧಾನ ಕೊಡಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಔಷಧ ಈ ಮಕ್ಕಳಿಗೆ ಕುಡಿಸಲೇಬಾರದು. ಕೆಮ್ಮನ್ನು ಅಡಗಿಸುವ ಸಿರಪ್ ಕೂಡ ಬೇಡ. ಕೆಮ್ಮಿನಿಂದಲೇ ಕಫ ಹೊರಬರಬೇಕು.

3. ಲ್ಯಾಬಿನ ಚೀಟಿಯಲ್ಲಿ "ಸಿಸ್ಟಿಕ್ ಫೈಬ್ರೋಸಿಸ್ ಮಗು" ಎಂದು ವೈದ್ಯರಿಂದ ಬರೆಸಿ. ಕೆಲವು ರೋಗಾಣುಗಳು ಸಾಮಾನ್ಯ ತಟ್ಟೆಯಲ್ಲಿ ಬೆಳೆಯುವುದು ನಿಧಾನ; ವಿಶೇಷ ಮಾಧ್ಯಮ ಬಳಸಬೇಕೆಂದು ಲ್ಯಾಬಿನವರಿಗೆ ಇದರಿಂದ ತಿಳಿಯುತ್ತದೆ.

4. ವರದಿಯನ್ನು ಮರಳಿ ಪಡೆದು ವೈದ್ಯರಿಗೆ ತೋರಿಸುವ ತನಕ ಕೆಲಸ ಮುಗಿಯಲಿಲ್ಲ. ಮಾದರಿ ಕೊಟ್ಟು ಬಂದು ವರದಿ ತರಲು ಮತ್ತೆ ಹೋಗದಿದ್ದರೆ ಪರೀಕ್ಷೆ ಮಾಡಿಸಿಯೂ ಫಲವಿಲ್ಲ. ಫೋನಿನಲ್ಲಿ ತರಿಸಿಕೊಳ್ಳುವ ಏರ್ಪಾಡು ಮೊದಲೇ ಮಾಡಿಕೊಳ್ಳಿ.

ವರದಿಯಲ್ಲಿ ಸ್ಯೂಡೋಮೋನಾಸ್ ಬಂದರೆ

ಗಾಬರಿ ಬೇಡ, ಆದರೆ ತಡವೂ ಬೇಡ. ಮೊದಲ ಬಾರಿಗೆ ಕಂಡಾಗ ವೈದ್ಯರು ಸಾಮಾನ್ಯವಾಗಿ ಟೋಬ್ರಾಮೈಸಿನ್ ಎಂಬ ಔಷಧವನ್ನು ನೆಬ್ಯುಲೈಸರ್ ಮೂಲಕ ದಿನಕ್ಕೆ ಎರಡು ಬಾರಿ, 28 ದಿನ ಕೊಡುತ್ತಾರೆ. ಕೆಲವೊಮ್ಮೆ ಬಾಯಿಯ ಮೂಲಕ ಇನ್ನೊಂದು ಔಷಧವೂ ಇರುತ್ತದೆ. ಮಗು ಹತ್ತನೇ ದಿನಕ್ಕೆ ಚುರುಕಾಯಿತೆಂದು ನಿಲ್ಲಿಸಬಾರದು. ಔಷಧ ಮುಗಿದ ಮೇಲೆ ಮತ್ತೆ ಸ್ವಾಬ್ ತೆಗೆಸಿ ರೋಗಾಣು ಹೋಗಿದೆಯೇ ಎಂದು ಖಚಿತಪಡಿಸಬೇಕು. ಮೊದಲ ಸೋಂಕು ಈ ಚಿಕಿತ್ಸೆಯಿಂದ ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ಮುಂದೆ ಮತ್ತೆ ಬರಬಹುದು, ಅದಕ್ಕೇ ಮೂರು ತಿಂಗಳ ತಪಾಸಣೆ ಮುಂದುವರಿಯಬೇಕು.

ಮನೆಯಲ್ಲಿ ಗಮನಿಸಬೇಕಾದದ್ದು

ಮಗು ನಿದ್ದೆಯಲ್ಲಿರುವಾಗ ಇಡೀ ಒಂದು ನಿಮಿಷ ಉಸಿರು ಎಣಿಸಿ ಬರೆದಿಡಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಮುಟ್ಟಿದರೆ ಅದು ವೇಗದ ಉಸಿರು. ಆಶಾ ಕಾರ್ಯಕರ್ತೆಯರಿಗೆ ಈ ಲೆಕ್ಕ ಗೊತ್ತಿರುತ್ತದೆ. ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಗುರುತಿಸಿ. ಈ ಕಾಯಿಲೆಯಲ್ಲಿ ತೂಕ ಮತ್ತು ಶ್ವಾಸಕೋಶ ಒಂದಕ್ಕೊಂದು ಹೊಂದಿಕೊಂಡಿವೆ. ಎರಡು ತಿಂಗಳು ತೂಕ ಏರದಿದ್ದರೆ ಎದೆಯನ್ನೂ ಪರೀಕ್ಷಿಸಬೇಕು. ಲಸಿಕೆಗಳನ್ನು ತಪ್ಪಿಸಬಾರದು, ನ್ಯುಮೋಕಾಕಲ್ ಲಸಿಕೆ ಈಗ ಸರಕಾರಿ ಕಾರ್ಯಕ್ರಮದಲ್ಲಿಯೇ ಉಚಿತ. ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ದಿನವೂ ಎದೆ, ಬೆನ್ನು ತಟ್ಟಿ ಕಫ ಸಡಿಲಿಸುವ ಕ್ರಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ಮಾಡಬೇಕು. ನೆಬ್ಯುಲೈಸರ್ ಬಟ್ಟಲನ್ನು ಪ್ರತಿ ಸಲ ತೊಳೆದು, ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ, ಪೂರ್ತಿ ಒಣಗಿಸಿ ಇಡಬೇಕು. ಗದಗ-ಬೆಟಗೇರಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ಬರುವಾಗ ಬ್ಯಾರೆಲ್, ತೊಟ್ಟಿಗಳಲ್ಲಿ ಶೇಖರಿಸುವುದು ಅನಿವಾರ್ಯ. ಅವನ್ನು ಆಗಾಗ ತಿಕ್ಕಿ ತೊಳೆದು ಮುಚ್ಚಿಡಿ.

ಈರುಳ್ಳಿ ಬೆಳೆಯುವ ಮನೆಗಳಿಗೆ ಒಂದು ವಿಶೇಷ ಮಾತು. ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ ಎಂಬ ರೋಗಾಣು ಈ ಮಕ್ಕಳ ಶ್ವಾಸಕೋಶಕ್ಕೆ ಬಹಳ ಅಪಾಯಕಾರಿ. ಅದನ್ನು ಮೊದಲು ಗುರುತಿಸಿದ್ದು ಕೊಳೆತ ಈರುಳ್ಳಿಯಲ್ಲಿ. ಅಮೆರಿಕದ ವಿಜ್ಞಾನಿ ವಾಲ್ಟರ್ ಬರ್ಕ್‌ಹೋಲ್ಡರ್ 1950ರಲ್ಲಿ ವಿವರಿಸಿದರು. ಅಡುಗೆಯ ಈರುಳ್ಳಿಗೆ ಭಯ ಬೇಡ. ಆದರೆ ಕೊಳೆತ ಈರುಳ್ಳಿಯ ರಾಶಿ, ತಿಪ್ಪೆ, ಬೂಸು ಹಿಡಿದ ಮೇವಿನ ಬಣವೆಯಿಂದ ಮಗುವನ್ನು ದೂರ ಇಡಿ. ಕಟ್ಟಿಗೆ ಒಲೆಯ ಹೊಗೆ ಮತ್ತು ಬೀಡಿ ಹೊಗೆಯಿಂದಲೂ.

ಗದಗ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆವರಿನೊಂದಿಗೆ ಉಪ್ಪು ಹೋಗಿ ಮಗು ಏಕಾಏಕಿ ಸುಸ್ತಾಗಬಹುದು. ಎಷ್ಟು ಉಪ್ಪು ಹೆಚ್ಚಿಗೆ ಕೊಡಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ.

ದುಡಿಮೆಗೆ ಕರಾವಳಿಗೆ ಬಂದಾಗ

ಕುಟುಂಬ ನಮ್ಮ ಕಡೆಗೆ ಬಂದಾಗ ಎರಡು ತೊಂದರೆಗಳು. ಒಂದು, ತಪಾಸಣೆಯ ತಾರೀಕು ತಪ್ಪುತ್ತದೆ. ಇನ್ನೊಂದು, ಮಳೆಗಾಲದ ಮಣ್ಣು. ಮೆಲಿಯಾಯ್ಡೋಸಿಸ್ ಎಂಬ ಸೋಂಕು ತರುವ ರೋಗಾಣು ಕರಾವಳಿಯ ಒದ್ದೆ ಮಣ್ಣಿನಲ್ಲಿ ಇದೆ. ಉಡುಪಿ ಸುತ್ತಮುತ್ತಲಿನ ರೋಗಿಗಳ ಬಗ್ಗೆ ಮಣಿಪಾಲದ ವೈದ್ಯರು ಬಹಳಷ್ಟು ಬರೆದಿದ್ದಾರೆ. ಇದು ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಶ್ವಾಸಕೋಶದಲ್ಲಿ ನೆಲೆಸಬಲ್ಲದು, ಲ್ಯಾಬಿನಲ್ಲಿ ಸ್ಯೂಡೋಮೋನಾಸ್ ಎಂದು ತಪ್ಪಾಗಿ ಓದುವ ಸಂಭವವೂ ಇದೆ. ಆದ್ದರಿಂದ ಮಗು ಕೆಸರಿನಲ್ಲಿ ಆಡದಿರಲಿ. ಜ್ವರ ಬಂದರೆ "ಮಳೆಗಾಲದಲ್ಲಿ ಕರಾವಳಿಯಲ್ಲಿದ್ದೆವು" ಎಂದು ಎರಡೂ ಊರಿನ ವೈದ್ಯರಿಗೆ ತಿಳಿಸಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ಮೊದಲನೆಯದು, ಒಂದು ನೋಟ್‌ಬುಕ್. ಮಗುವಿನ ತೂಕ, ಉಸಿರಿನ ಎಣಿಕೆ, ಸ್ವಾಬ್ ತೆಗೆದ ತಾರೀಕು, ವರದಿ, ಕೊಟ್ಟ ಔಷಧ, ಮುಂದಿನ ತಾರೀಕು ಎಲ್ಲವೂ ಒಂದೇ ಕಡೆ ಇರಲಿ. ತಾಯಿಗೆ ಓದು ಬರೆಹ ಬಾರದಿದ್ದರೆ ಧರ್ಮಭಗಿನಿಯರು ಅಥವಾ ಕಿರು ಸಮುದಾಯದ ಒಬ್ಬರು ಬರೆದುಕೊಡಬಹುದು. ಮಗು ಬೇರೆ ಊರಿಗೆ ಹೋದಾಗ ನೋಟ್‌ಬುಕ್ ಜೊತೆಗೆ ಹೋಗಲಿ, ಪ್ರತಿ ಪುಟದ ಫೋಟೊ ಒಬ್ಬರ ಫೋನಿನಲ್ಲಿ ಇರಲಿ. ಮುಂದಿನ ತಾರೀಕಿಗೆ ಎರಡು ದಿನ ಮೊದಲು ಒಂದು ಕರೆ ಮಾಡುವುದು, ಬೇಕಾದರೆ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಕೊಡುವುದು, ಇವೇ ದೊಡ್ಡ ಸಹಾಯ.

ಎರಡನೆಯದು, ಒಂದು ಎಚ್ಚರ. ಒಂದೇ ಕಾಯಿಲೆಯ ಮಕ್ಕಳನ್ನು ಸಭಾಭವನದಲ್ಲಿ ಒಟ್ಟು ಸೇರಿಸಿ ಶಿಬಿರ ಮಾಡುವ ಮನಸ್ಸು ನಮಗೆ ಸಹಜವಾಗಿ ಬರುತ್ತದೆ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಅದು ಸಲ್ಲದು. ಒಂದು ಮಗುವಿನ ರೋಗಾಣು ಇನ್ನೊಂದಕ್ಕೆ ದಾಟುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ ಈ ಮಕ್ಕಳ ಬೇಸಿಗೆ ಶಿಬಿರಗಳನ್ನು 1990ರ ದಶಕದಲ್ಲಿ ನಿಲ್ಲಿಸಲಾಯಿತು. ಆಸ್ಪತ್ರೆಯ ಹೊರಗೆ ಕಾಯುವಾಗಲೂ ಇಬ್ಬರ ನಡುವೆ ಕನಿಷ್ಠ ಆರಡಿ ಅಂತರ ಇರಲಿ. ತಂದೆತಾಯಿಗಳು ಬೇಕಾದರೆ ಸೇರಲಿ, ಮಕ್ಕಳು ಬೇಡ. ಈ ಕಾಯಿಲೆ ಇಲ್ಲದ ಮಕ್ಕಳಿಗೆ ಇವರಿಂದ ಕಾಯಿಲೆ ಅಂಟುವುದಿಲ್ಲ. ಶಾಲೆಯಿಂದಲೂ ಧರ್ಮೋಪದೇಶದ ತರಗತಿಯಿಂದಲೂ ಇವರನ್ನು ದೂರ ಇಡಬಾರದು.

ಮೂರನೆಯದು, ತಾಯಿಯ ಮೇಲೆ ಹೊರೆ ಹಾಕದಿರುವುದು. ಅರ್ಧ ಪಾಲು ತಂದೆಯಿಂದಲೇ ಬಂದಿರುತ್ತದೆ. ಸೊಸೆಯ ಕಾಲ್ಗುಣ, ಶಾಪ, ಪಾಪದ ಫಲ ಎಂಬ ಮಾತುಗಳು ಮನೆಯಲ್ಲಿ ಕೇಳಿಬಂದರೆ ಗುರುಗಳು ಅಲ್ಲಿಯೇ ತಿದ್ದಬೇಕು.

ಖರ್ಚು ಮತ್ತು ಸರಕಾರದ ನೆರವು

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಸೇರಿದೆ. ಕಫ ತೆಳುವಾಗಿಸುವ ಡಿ.ಎನ್.ಏಸ್ ಔಷಧದ ಹೆಸರೂ ಅದರಲ್ಲಿದೆ. ಆ ನೀತಿಯಡಿ 2022ರಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿ ತನಕ ನೆರವನ್ನು ಪ್ರಕಟಿಸಲಾಯಿತು. ಕರ್ನಾಟಕಕ್ಕೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಇದರ ಕೇಂದ್ರ. ಅಲ್ಲಿ ಹೆಸರು ನೋಂದಾಯಿಸಲು ರೋಗ ಖಚಿತಪಡಿಸಿದ ದಾಖಲೆಗಳು ಬೇಕು. ನೋಟ್‌ಬುಕ್ ಮತ್ತು ವರದಿಗಳು ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡನ್ನು ಪ್ರತಿ ಸಲವೂ ಜೊತೆಗೆ ಒಯ್ಯಿರಿ.

ಜೀನಿನ ದೋಷವನ್ನೇ ಸರಿದೂಗಿಸುವ ಹೊಸ ಮಾತ್ರೆಗಳು ಅಮೆರಿಕದಲ್ಲಿ 2012ರಿಂದ, ಅದಕ್ಕಿಂತ ಪ್ರಬಲವಾದ ಮೂರು ಔಷಧಗಳ ಜೋಡಣೆ 2019ರಿಂದ ಬಂದಿವೆ. ಅಲ್ಲಿ ಇವುಗಳ ಒಂದು ವರ್ಷದ ಬೆಲೆ 3 ಲಕ್ಷ ಡಾಲರಿಗೂ ಹೆಚ್ಚು. ಎಲ್ಲ ಬಗೆಯ ದೋಷಕ್ಕೂ ಅವು ಕೆಲಸ ಮಾಡುವುದಿಲ್ಲ. ಒಂದು ದಿನ ನಮ್ಮ ಮಕ್ಕಳ ಕೈಗೂ ಇಂಥ ಔಷಧ ಎಟಕಬಹುದು. ಆ ದಿನ ಬರುವಾಗ ಮಗುವಿನ ಶ್ವಾಸಕೋಶ ಗಟ್ಟಿಯಾಗಿ ಉಳಿದಿರಬೇಕು.

ಅದಕ್ಕೆ ಇಂದು ಬೇಕಾಗಿರುವುದು ಮೂರು ತಿಂಗಳಿಗೊಂದು ಸ್ವಾಬ್, ತಿಂಗಳಿಗೊಂದು ತೂಕ, ತಪ್ಪದೆ ಬರೆದ ನೋಟ್‌ಬುಕ್. ನಿಮ್ಮ ಧರ್ಮಕೇಂದ್ರದಲ್ಲಿ ವರ್ಷಾನುಗಟ್ಟಲೆ ಕೆಮ್ಮುತ್ತಾ ಸೊರಗುತ್ತಿರುವ ಮಗು ಇದ್ದರೆ, ಈ ವಾರವೇ ಆ ಮನೆಗೆ ಭೇಟಿ ಕೊಡಿ. ಹಳೆಯ ಚೀಟಿಗಳನ್ನು ಒಟ್ಟು ಮಾಡಿಸಿ, ಮಕ್ಕಳ ತಜ್ಞರ ಬಳಿಗೆ ಜೊತೆಯಲ್ಲಿ ಹೋಗಿ, ಬೆವರಿನ ಪರೀಕ್ಷೆಯ ಬಗ್ಗೆ ಕೇಳಿ.